‘ಅಮ್ಮ, ನಾಟಕಕ್ಕೆ ನೀನು ಬರುವುದು ಬೇಡ’

ಪ್ರಶ್ನೆ: ನಾವು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ಗೆ ಬಂದು ಇದು ಮೂರನೇ ವರ್ಷ. ಊರು ಪುತ್ತೂರು ಕಡೆ. ಯಜಮಾನರು ವಿಮಾನದ ಎಂಜಿನ್ನಿನ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಊರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದ ನಾನು ಇಲ್ಲಿ ಮನೆಯಲ್ಲೇ ಇದ್ದೇನೆ. ಹದಿಮೂರು ವರ್ಷದ ಮಗಳು ಕಳೆದ ವರ್ಷ ಇಲ್ಲಿನ ಮಕ್ಕಳ ನಾಟಕ ತಂಡಕ್ಕೆ ಸೇರಿದಳು. ಮಾತು ಕಡಿಮೆ ಇದ್ದ ಹುಡುಗಿ ಸ್ವಲ್ಪ ಅರಳಿದಳು ಎಂದು ಸಂತೋಷಪಟ್ಟಿದ್ದೆ. ಈ ಡಿಸೆಂಬರಿನಲ್ಲಿ ಅವರು ಒಂದು ಅಜ್ಜಿಕಥೆಯನ್ನು ಮೂಕನಾಟಕವಾಗಿ ಆಡುತ್ತಾರೆ. ಒಬ್ಬಳು ಬದಿಯಲ್ಲಿ ನಿಂತು ಕಥೆ ಓದುತ್ತಾಳೆ, ಉಳಿದವರದು ಬರೀ ಅಭಿನಯ. ರಾಜಕುಮಾರಿ ಪಾತ್ರ ಚಿನ್ನದ ಕೂದಲಿನ ಹುಡುಗಿಗೆ ಸಿಕ್ಕಿದೆ. ನನ್ನ ಮಗಳಿಗೆ ಕೊಟ್ಟದ್ದು ಟ್ರೋಲ್ ಪಾತ್ರ. ದೊಡ್ಡ ಮೂಗು, ಬಾಲ, ಮುಖಕ್ಕೆಲ್ಲ ಬಣ್ಣ. ತಂಡದಲ್ಲಿ ನಮ್ಮ ಬಣ್ಣದವಳು ಇವಳೊಬ್ಬಳೇ.

ನಾನೂ ಕಪ್ಪು. ಶಾಲೆಯ ಡ್ಯಾನ್ಸಿನಲ್ಲಿ ಯಾವಾಗಲೂ ಹಿಂದಿನ ಸಾಲು. ಮದುವೆಗೆ ನೋಡಲು ಬಂದವರು ‘ಹುಡುಗಿ ಲಕ್ಷಣ, ಬಣ್ಣ ಸ್ವಲ್ಪ ಕಮ್ಮಿ’ ಎಂದು ನನ್ನೆದುರೇ ಹೇಳಿದ್ದುಂಟು. ಮಗಳಿಗೆ ಅದು ಬಾರದಿರಲಿ ಎಂದುಕೊಂಡೇ ಇಷ್ಟು ದೂರ ಬಂದೆವು. ಪಾತ್ರದ ವಿಷಯ ಕೇಳಿದ ದಿನ ನಾನು ತಡೆಯಲಾರದೆ ಅತ್ತುಬಿಟ್ಟೆ. ಅವಳು ನೋಡುತ್ತಾ ನಿಂತಿದ್ದಳು. ವಿಡಿಯೊ ಕಾಲಿನಲ್ಲಿ ಅತ್ತೆ ‘ಹೆಣ್ಣುಮಗುವಿಗೆ ರಕ್ಕಸನ ವೇಷ ಯಾಕೆ?’ ಎಂದರು. ಯಜಮಾನರು ‘ನಾಟಕ ಸಾಕು, ಗಣಿತ ನೋಡಿಕೊಳ್ಳಲಿ’ ಎನ್ನುತ್ತಾರೆ. ಮಗಳು ಈಗ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಮೊನ್ನೆ ಹೇಳಿದಳು: ‘ಅಮ್ಮ, ನಾಟಕಕ್ಕೆ ನೀನು ಬರುವುದು ಬೇಡ.’ ನಾನು ಅತಿಯಾಗಿ ಯೋಚಿಸುತ್ತಿದ್ದೇನೆಯೇ? ಅವಳನ್ನು ತಂಡದಿಂದ ಬಿಡಿಸಲೇ? ನಾಟಕ ಮಾಡಿಸುವವರಿಗೆ ನಾಲ್ಕು ಮಾತು ಹೇಳಲೇ?
— ಹೆಸರು ಬೇಡ, ಟ್ರೋಲ್‌ಹೆಟ್ಟನ್

ಉತ್ತರ: ಹೆತ್ತ ಮಗಳೇ ‘ಬರಬೇಡ’ ಎಂದಾಗ ಹೊಟ್ಟೆಯಲ್ಲಿ ಸಂಕಟವಾಗುವುದು ಸಹಜ. ಅದರ ಹಿಂದೆ ನಿಮ್ಮ ಹಳೆಯ ನೋವೂ ಇದೆ. ಅದು ಚಿಕ್ಕ ನೋವಲ್ಲ. ಎಷ್ಟೋ ವರ್ಷ ಹಿಂದಿನ ಸಾಲಿನಲ್ಲಿ ನಿಂತವರಿಗೆ ಹಿಂದಿನ ಸಾಲು ಎಲ್ಲಿದ್ದರೂ ಬೇಗ ಕಣ್ಣಿಗೆ ಬೀಳುತ್ತದೆ. ನೀವು ಅತ್ತದ್ದು ತಪ್ಪಲ್ಲ, ಅನುಮಾನ ಪಟ್ಟದ್ದೂ ತಪ್ಪಲ್ಲ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಎಂದು ನಮ್ಮಲ್ಲಿ ಹೇಳುವುದುಂಟು. ಊದಿ ಕುಡಿಯಿರಿ. ಆದರೆ ಲೋಟದಲ್ಲಿರುವುದು ಹಾಲೋ ಮಜ್ಜಿಗೆಯೋ ನೋಡುವ ಮೊದಲೇ ಅದನ್ನು ಚೆಲ್ಲಬೇಡಿ. ತಂಡದಿಂದ ಬಿಡಿಸುವುದೂ ಸಿಟ್ಟಿನಲ್ಲಿ ಪತ್ರ ಬರೆಯುವುದೂ ಸದ್ಯಕ್ಕೆ ಬೇಡ ಎಂದು ನಾನು ಹೇಳುವುದು ಅದಕ್ಕೇ.

ನಿಮ್ಮ ಪತ್ರವನ್ನು ಇನ್ನೊಮ್ಮೆ ನೀವೇ ಓದಿನೋಡಿ. ನೀವು ಏನು ಅಂದುಕೊಂಡಿರಿ, ಅತ್ತೆ ಏನೆಂದರು, ಯಜಮಾನರು ಏನೆಂದರು, ಎಲ್ಲವೂ ಅದರಲ್ಲಿದೆ. ಮಗಳದು ಒಂದೇ ಮಾತು, ಅದೂ ಕೊನೆಯಲ್ಲಿ. ಟ್ರೋಲ್ ಪಾತ್ರ ಅವಳಿಗೆ ಬೇಸರ ತಂದಿದೆಯೇ, ಇಷ್ಟವಾಗಿದೆಯೇ, ಅವಳೇ ಕೇಳಿ ಪಡೆದದ್ದೇ? ಪತ್ರದಲ್ಲಿ ಎಲ್ಲಿಯೂ ಇಲ್ಲ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಮಕ್ಕಳಿಗೆ ನೋವಾಗಬಾರದು ಎಂಬ ಆತುರದಲ್ಲಿ ನಾವು ದೊಡ್ಡವರೆಲ್ಲ ಅವರ ಪಾಲಿನ ನೋವನ್ನೂ ನಾವೇ ಊಹಿಸಿಕೊಂಡುಬಿಡುತ್ತೇವೆ. ಮೊದಲು ತಿಳಿಯಬೇಕಾದದ್ದು ಅವಳ ಮನಸ್ಸಿನಲ್ಲಿ ಏನಿದೆ ಎಂಬುದು.

ಟ್ರೋಲ್ ಎಂದರೆ ಅಲ್ಲಿ ಏನು?

ನಾವು ರಕ್ಕಸ ಎಂದುಕೊಳ್ಳುವುದಕ್ಕೂ ಸ್ವೀಡನ್ನಿನ ಮಕ್ಕಳು ಟ್ರೋಲ್ ಎಂದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಅಲ್ಲಿ ‘ಬ್ಲಾಂಡ್ ಟಾಮ್ಟಾರ್ ಓ ಟ್ರೋಲ್’ ಎಂಬ ಕಥೆಗಳ ವಾರ್ಷಿಕ ಪುಸ್ತಕ 1907ರಲ್ಲಿ ಶುರುವಾಯಿತು. ಅದರ ಆರಂಭದ ಸಂಚಿಕೆಗಳಿಗೆ ಜಾನ್ ಬಾವರ್ ಬರೆದ ಚಿತ್ರಗಳನ್ನು ನೋಡಿಯೇ ಆ ದೇಶದ ಎಷ್ಟೋ ತಲೆಮಾರು ಟ್ರೋಲ್‌ಗಳನ್ನು ಕಲ್ಪಿಸಿಕೊಂಡಿದೆ. ಅವು ದಪ್ಪ ಮೂಗಿನ, ಪಾಚಿ ಹಿಡಿದ ಬಂಡೆಯಂಥ, ನಿಧಾನವಾಗಿ ನಡೆಯುವ ಕಾಡಿನ ಜೀವಿಗಳು. ಕೆಲವು ಕೇಡಿಗರು, ಕೆಲವು ಪೆದ್ದರು, ಕೆಲವನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ. ನೀವಿರುವ ಊರಿನ ಹೆಸರಿನಲ್ಲೇ ಟ್ರೋಲ್ ಇದೆ. ಅಲ್ಲಿ ಮಗುವಿಗೆ ಆ ವೇಷ ಹಾಕಿಸಿದರೆ ಯಾರೂ ಅಪಶಕುನ ಎಂದುಕೊಳ್ಳುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಬಾವರ್ ಚಿತ್ರಗಳಲ್ಲಿ ರಾಜಕುಮಾರಿ ಬೆಳ್ಳಗೆ ಹೊಳೆಯುತ್ತಾಳೆ, ಟ್ರೋಲ್ ಕಾಡಿನ ಕತ್ತಲೆಯಲ್ಲಿ ಬೆರೆತಿರುತ್ತದೆ. ಆದ್ದರಿಂದ ನಿಮ್ಮ ಅನುಮಾನ ಏನೂ ಇಲ್ಲದ ಕಡೆ ಹುಟ್ಟಿದ್ದಲ್ಲ. ಬೆಳ್ಳಗಿನ ಒಳ್ಳೆಯವರು, ಕಪ್ಪಗಿನ ಕೆಟ್ಟವರು ಎಂಬ ಅಭ್ಯಾಸ ಅವರ ಕಥೆಗಳಲ್ಲೂ ಇದೆ, ನಮ್ಮ ಕಥೆಗಳಲ್ಲೂ ಇದೆ. ಪಾತ್ರ ಹಂಚುವವರು ಒಳ್ಳೆಯ ಮನಸ್ಸಿನವರೇ ಆಗಿದ್ದರೂ ಆ ಅಭ್ಯಾಸ ಅವರಿಗೆ ತಿಳಿಯದಂತೆ ಕೆಲಸ ಮಾಡಬಹುದು. ಇಲ್ಲಿ ಹಾಗಾಗಿದೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಅದಕ್ಕೊಂದು ದಾರಿ ಇದೆ, ಮುಂದೆ ಹೇಳುತ್ತೇನೆ.

ಮೂಕನಾಟಕದ ಬಗ್ಗೆಯೂ ಒಂದು ಮಾತು. ಅದು ಬರೀ ಮಕ್ಕಳಾಟವಲ್ಲ. ನೆರೆಯ ಡೆನ್ಮಾರ್ಕಿನಲ್ಲಿ, ಕೋಪನ್‌ಹೇಗನ್ನಿನ ಟಿವೋಲಿ ಉದ್ಯಾನದಲ್ಲಿ 1874ರಲ್ಲಿ ಕಟ್ಟಿದ ಪ್ಯಾಂಟೊಮೈಮ್ ರಂಗಮಂದಿರವಿದೆ. ಅಲ್ಲಿ ಇಂದಿಗೂ ಮಾತಿಲ್ಲದ ಆಟಗಳನ್ನು ಆಡುತ್ತಾರೆ. ಇಂಥ ಆಟದಲ್ಲಿ ರಾಜಕುಮಾರಿ ಚೆಲುವಾಗಿ ನಿಂತರೂ ಕಥೆ ಮುಂದೆ ಹೋಗುತ್ತದೆ. ಟ್ರೋಲ್ ಹಾಗೆ ಸುಮ್ಮನೆ ನಿಂತರೆ ಆಟ ಕೆಡುತ್ತದೆ. ಭಾರ, ಹಸಿವು, ಹೊಂಚು, ಪೆಚ್ಚುತನ ಎಲ್ಲವನ್ನೂ ಮೈಯಲ್ಲೇ ತೋರಿಸಬೇಕು, ಮುಂದೆ ಕುಳಿತ ಪುಟ್ಟ ಮಕ್ಕಳನ್ನು ಹೆದರಿಸಬೇಕು, ಮರುಗಳಿಗೆಗೆ ನಗಿಸಬೇಕು. ಮಾತು ಕಡಿಮೆ ಎಂದು ನೀವು ಹೇಳುವ ಹುಡುಗಿಗೆ ಅಷ್ಟು ಕೆಲಸವಿರುವ ಪಾತ್ರ ಕೊಟ್ಟಿದ್ದರೆ ಅದು ಅವಳ ಮೇಲಿನ ನಂಬಿಕೆಯೂ ಆಗಿರಬಹುದು.

ಪುತ್ತೂರಿನವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೆಂಕುತಿಟ್ಟು ಯಕ್ಷಗಾನ ಬಯಲಾಟದಲ್ಲಿ ರಕ್ಕಸ ಪಾತ್ರಗಳ ಬಣ್ಣದ ವೇಷಕ್ಕಿರುವ ಮರ್ಯಾದೆ ನಿಮಗೆ ಗೊತ್ತು. ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಾ, ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂರಬೇಕು. ತೂಕಡಿಸುತ್ತಿದ್ದ ಮಕ್ಕಳನ್ನು ಹಿರಿಯರು ತಟ್ಟಿ ಎಬ್ಬಿಸುವುದು ಮಹಿಷಾಸುರ ಬರುವ ಹೊತ್ತಿಗೆ. ಶೂರ್ಪನಖಿ, ಅಜಮುಖಿಯರಂಥ ಹೆಣ್ಣುಬಣ್ಣಕ್ಕೂ ಅಲ್ಲಿ ಪಳಗಿದ ಕಲಾವಿದರೇ ಬೇಕು. ಈ ವೇಷಕ್ಕೆ ಹೆಸರಾದ ಕಲಾವಿದ ಬಣ್ಣದ ಮಾಲಿಂಗ ಎಂದರೆ ಹಿರಿಯರು ಇಂದಿಗೂ ಎದ್ದು ಕೂರುತ್ತಾರೆ. ಮಾಲಿಂಗರ ಹೆಸರಿಗೆ ಅಂಟಿದ ಬಣ್ಣ ಗೌರವದ್ದು. ‘ರಕ್ಕಸನ ವೇಷ ಯಾಕೆ’ ಎಂದ ನಿಮ್ಮ ಅತ್ತೆಯೂ ಆ ಆಟಗಳನ್ನು ನೋಡಿಯೇ ಇರುತ್ತಾರೆ. ಅವರಿಗೆ ಉತ್ತರ ಕೊಡಲು ನೀವು ಸ್ವೀಡನ್ನಿನ ಕಥೆ ಹೇಳಬೇಕಾಗಿಲ್ಲ, ಕಟೀಲು ಮೇಳದ ದೇವೀಮಹಾತ್ಮೆಯ ಮಹಿಷಾಸುರನನ್ನು ನೆನಪಿಸಿದರೆ ಸಾಕು.

ಆದರೆ ಇಷ್ಟು ಸಮಾಧಾನ ಹೇಳಿ ವಿಷಯ ಮುಗಿಸಿದರೆ ಅದು ನಿಮಗೂ ನಿಮ್ಮ ಮಗಳಿಗೂ ಅನ್ಯಾಯ. ಬಣ್ಣ ಹಚ್ಚಿಕೊಂಡು ಆಡುವುದು ಬೇರೆ, ಬಣ್ಣ ನೋಡಿ ಆಡಿಸುವುದು ಬೇರೆ. ಬಣ್ಣದ ವೇಷಧಾರಿ ಬೆಳಗಿನ ಜಾವ ಎಣ್ಣೆ ಹಚ್ಚಿ ಬಣ್ಣ ತೆಗೆದು ತಾನಾಗಿ ಮನೆಗೆ ಹೋಗುತ್ತಾನೆ. ‘ನೀನು ಹೇಗೂ ಹಾಗೇ ಇದ್ದೀಯಲ್ಲ, ಟ್ರೋಲ್ ಮಾಡು’ ಎಂದು ಯಾರಾದರೂ ಒಂದು ಹುಡುಗಿಗೆ ಹೇಳಿದ್ದರೆ ಆ ಮಾತನ್ನು ತೊಳೆಯಲು ಆಗುವುದಿಲ್ಲ. ನೀವು ಪತ್ತೆ ಮಾಡಬೇಕಾದದ್ದು ಈ ಎರಡರಲ್ಲಿ ಯಾವುದು ನಡೆದಿದೆ ಎಂಬುದನ್ನು ಮಾತ್ರ.

‘ಬರಬೇಡ’ ಎಂಬ ಮಾತಿನ ಹಿಂದೆ

ಹದಿಮೂರರ ಮಕ್ಕಳು ತಮ್ಮ ಮನಸ್ಸನ್ನು ನೇರವಾಗಿ ಹೇಳುವುದು ಅಪರೂಪ. ‘ಬರಬೇಡ’ ಎಂದರೆ ‘ನೀನು ಬೇಡ’ ಎಂದೇ ಅರ್ಥವಲ್ಲ. ನೀವು ಅತ್ತಾಗ ಅವಳು ನೋಡುತ್ತಾ ನಿಂತಿದ್ದಳು ಎಂದು ನೀವೇ ಬರೆದಿದ್ದೀರಿ. ವೇದಿಕೆಯ ಮೇಲೆ ನಿಂತಾಗ ಕತ್ತಲಲ್ಲಿ ಎಲ್ಲೋ ಕುಳಿತ ಅಮ್ಮನ ಮುಖ ಮತ್ತೆ ಹಾಗೇ ಆಗಿಬಿಟ್ಟರೆ ಎಂಬ ಅಂಜಿಕೆ ಅವಳಿಗಿರಬಹುದು. ತನ್ನ ಪಾತ್ರ ಅಮ್ಮನಿಗೆ ನಾಚಿಕೆ ತಂದಿದೆ ಎಂದು ಅವಳು ತಿಳಿದಿರಬಹುದು. ನಿಮ್ಮನ್ನು ನೋವಿನಿಂದ ಕಾಪಾಡಲೆಂದೇ ಅವಳು ಬಾಗಿಲು ಹಾಕಿಕೊಂಡಿರಲೂಬಹುದು. ಅಥವಾ ಕಾರಣ ಇಷ್ಟು ದೊಡ್ಡದೇ ಅಲ್ಲದಿರಬಹುದು: ಅಮ್ಮ ಮುಂದಿನ ಸಾಲಿನಿಂದ ಮೊಬೈಲ್ ಎತ್ತಿ ಹಿಡಿದು ಊರಿನವರಿಗೆಲ್ಲ ತೋರಿಸುತ್ತಾಳೆ ಎಂಬ ಸಂಕೋಚ. ಆ ವಯಸ್ಸಿನಲ್ಲಿ ಅದೂ ದೊಡ್ಡದೇ.

ಇದಕ್ಕಾಗಿ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಒಂದು ದಿನದ ಕಣ್ಣೀರಿನಿಂದ ತಾಯಿ–ಮಗಳ ನಡುವೆ ಏನೂ ಮುರಿಯುವುದಿಲ್ಲ. ಅದರ ಅರ್ಥವನ್ನು ಅವಳಿಗೆ ಬಿಡಿಸಿ ಹೇಳಿದರೆ ಸಾಕು.

ಏನು ಮಾಡಬಹುದು?

ಮೊದಲು, ಮಗಳ ಜೊತೆ. ಎದುರುಬದುರು ಕೂರಿಸಿ ವಿಚಾರಣೆ ಮಾಡಬೇಡಿ. ಪಾತ್ರೆ ಒರೆಸುವಾಗ, ನದಿ ಪಕ್ಕ ನಡೆಯುವಾಗ, ಬಸ್ಸಿಗೆ ಕಾಯುವಾಗ ಮಾತು ಹಗುರಾಗುತ್ತದೆ. ‘ಅವತ್ತು ನಾನು ಅತ್ತದ್ದು ನಿನ್ನ ಪಾತ್ರಕ್ಕಲ್ಲ. ಚಿಕ್ಕವಳಿದ್ದಾಗ ನನ್ನ ಬಣ್ಣ ನೋಡಿ ನನ್ನನ್ನು ಹಿಂದೆ ನಿಲ್ಲಿಸುತ್ತಿದ್ದರು. ಅದು ನೆನಪಾಯಿತು. ಅದು ನನ್ನ ಕಥೆ, ನಿನ್ನದಲ್ಲ’ ಎಂದು ಹೇಳಿ. ಇಷ್ಟೇ ಸಾಕು, ನಿಮ್ಮ ಕಥೆ ಪೂರ್ತಿ ಹೇಳಿ ಅವಳ ಮೇಲೆ ಭಾರ ಹೊರಿಸುವುದು ಬೇಡ. ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ನಿನಗೆ ಈ ಪಾತ್ರ ಹೇಗನ್ನಿಸುತ್ತಿದೆ?’ ಉತ್ತರ ‘ಪರವಾಗಿಲ್ಲ’ ಎಂದಷ್ಟೇ ಬಂದರೂ ಒತ್ತಾಯಿಸಬೇಡಿ. ಇನ್ನೊಂದು ದಿನ ‘ಟ್ರೋಲ್ ಹೇಗೆ ನಡೆಯುತ್ತದೆ? ಅದಕ್ಕೆ ಏನು ಬೇಕಂತೆ?’ ಎಂದು ಕೇಳಿ. ಪಾತ್ರದ ಬಗ್ಗೆ ಮಾತಾಡುತ್ತಾ ಮಕ್ಕಳು ತಮ್ಮ ಬಗ್ಗೆಯೂ ಹೇಳಿಬಿಡುತ್ತಾರೆ.

ಅವಳು ಓದುವುದಾದರೆ ಒಟ್ಟಿಗೆ ಓದಲು ಒಂದು ಕಥೆ ಹೇಳುತ್ತೇನೆ. ಸಾಹಿತ್ಯದ ನೊಬೆಲ್ ಪಡೆದ ಮೊದಲ ಮಹಿಳೆ, ಸ್ವೀಡನ್ನಿನ ಸೆಲ್ಮಾ ಲಾಗರ್ಲೋಫ್ ಬರೆದ ‘ಬೂರ್ಟ್‌ಬೀಟಿಂಗೆನ್’. ಕಾಡಿನಲ್ಲಿ ಟ್ರೋಲ್ ಹೆಂಗಸೊಬ್ಬಳು ತನ್ನ ಕೂಸನ್ನು ಬಿಟ್ಟು ಒಬ್ಬ ರೈತನ ಹೆಂಡತಿಯ ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ. ಆ ಕೂಸನ್ನು ಹೊಡೆದು ಹಿಂಸಿಸು, ನಿನ್ನ ಮಗು ಹಿಂತಿರುಗುತ್ತದೆ ಎಂದು ಸುತ್ತಲಿನವರು ಹೇಳಿದರೂ ರೈತನ ಹೆಂಡತಿಗೆ ಮನಸ್ಸು ಬರುವುದಿಲ್ಲ. ಎಲ್ಲರೂ ಹೇಸುವ ಆ ಕೂಸನ್ನು ಕಾಪಾಡುತ್ತಾಳೆ. ಇವಳು ಅದಕ್ಕೆ ತೋರಿದ ಕರುಣೆಯೇ ಕಾಡಿನಲ್ಲಿದ್ದ ತನ್ನ ಮಗುವನ್ನೂ ಕಾಯುತ್ತಿತ್ತು ಎಂಬುದು ಕೊನೆಗೆ ತಿಳಿಯುತ್ತದೆ. ಟ್ರೋಲ್ ಆಡುವ ಹುಡುಗಿಗೂ ಅವಳ ಅಮ್ಮನಿಗೂ ಮಾತಾಡಿಕೊಳ್ಳಲು ಅದರಲ್ಲಿ ಬೇಕಾದಷ್ಟಿದೆ. ಸ್ವೀಡಿಷ್‌ನಲ್ಲಿ ಅವಳು ಓದಿ ನಿಮಗೆ ವಿವರಿಸಲಿ. ಆ ಹೊತ್ತಿಗೆ ಅವಳು ಟೀಚರ್, ನೀವು ವಿದ್ಯಾರ್ಥಿ.

ಎರಡನೆಯದು, ನಾಟಕ ಮಾಡಿಸುವವರ ಜೊತೆ. ಮಾತಾಡಲೇಬೇಕು, ಆದರೆ ಮಗಳಿಗೆ ಮೊದಲೇ ತಿಳಿಸಿ. ‘ಜಗಳಕ್ಕಲ್ಲ, ತಿಳಿದುಕೊಳ್ಳಲು ಹೋಗುತ್ತಿದ್ದೇನೆ’ ಎನ್ನಿ. ‘ಬೇಡ’ ಎಂದರೆ ಯಾಕೆ ಎಂದು ಕೇಳಿ ಸ್ವಲ್ಪ ದಿನ ಕಾಯಿರಿ. ಎಲ್ಲರೆದುರು ರಿಹರ್ಸಲ್ ಮುಗಿಯುವ ಗಡಿಬಿಡಿಯಲ್ಲಿ ಮಾತು ತೆಗೆಯಬೇಡಿ. ಎರಡು ಸಾಲಿನ ಇ–ಮೇಲ್ ಬರೆದು ಸಮಯ ಕೇಳಿ. ಅಲ್ಲಿ ಟೀಚರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಅದು ಅಗೌರವವಲ್ಲ, ಹಾಗಾಗಿ ನೀವೂ ಸಮಾನರಂತೆ ಕೂತು ಮಾತಾಡಬಹುದು. ಕೇಳಬೇಕಾದ ಪ್ರಶ್ನೆಗಳು ಸರಳ: ಪಾತ್ರಗಳನ್ನು ಹೇಗೆ ಹಂಚಿದಿರಿ? ಮಕ್ಕಳ ಇಷ್ಟ ಕೇಳಿದ್ದಿರಾ? ಟ್ರೋಲ್ ಪಾತ್ರಕ್ಕೆ ನನ್ನ ಮಗಳಲ್ಲಿ ಏನು ಕಂಡಿರಿ? ಮುಖಕ್ಕೆ ಯಾವ ಬಣ್ಣ ಹಚ್ಚುತ್ತೀರಿ? ಕೊನೆಯ ಪ್ರಶ್ನೆ ಸಣ್ಣದಲ್ಲ. ಪಾಚಿಯ ಹಸಿರೋ ಕಲ್ಲಿನ ಬೂದುಬಣ್ಣವೋ ಆದರೆ ಅದು ವೇಷ. ಅವಳ ಮೈಬಣ್ಣವನ್ನೇ ಇನ್ನಷ್ಟು ಗಾಢ ಮಾಡಿ ‘ವಿಕಾರ’ ಎಂದು ತೋರಿಸುವುದಾದರೆ ನೀವು ಬೇಡ ಎನ್ನಬೇಕು, ಸ್ಪಷ್ಟವಾಗಿ ಎನ್ನಬೇಕು. ‘ನಮ್ಮ ಹುಡುಗಿಯೊಬ್ಬಳೇ ಕಪ್ಪು ಬಣ್ಣದವಳು, ಅವಳಿಗೇ ಈ ಪಾತ್ರ ಬಂದಾಗ ನನಗೆ ಹೀಗನ್ನಿಸಿತು’ ಎಂದು ಹೇಳಲು ಹಿಂಜರಿಯಬೇಡಿ. ಇದರಲ್ಲಿ ಆಪಾದನೆ ಇಲ್ಲ, ನಿಮಗೆ ಅನ್ನಿಸಿದ್ದನ್ನು ಹೇಳುತ್ತಿದ್ದೀರಿ. ಒಳ್ಳೆಯ ಮೇಷ್ಟ್ರು ಇಂಥ ಮಾತನ್ನು ಕೇಳಿಸಿಕೊಳ್ಳುತ್ತಾರೆ, ಮುಂದಿನ ಸಲ ಪಾತ್ರ ಹಂಚುವಾಗ ನೆನಪಿಡುತ್ತಾರೆ.

ಮೂರನೆಯದು, ಪ್ರದರ್ಶನದ ದಿನ. ‘ನಾನು ಬರಲೇ ಬೇಕು’ ಎಂದು ಹಟ ಹಿಡಿಯಬೇಡಿ, ‘ಸರಿ, ನಾನು ಬರುವುದೇ ಇಲ್ಲ’ ಎಂದು ಮುನಿಸಿಕೊಳ್ಳಲೂಬೇಡಿ. ‘ನನಗೆ ಬರಲು ತುಂಬ ಆಸೆ. ಹೇಗೆ ಬಂದರೆ ನಿನಗೆ ಸರಿ ಎನಿಸುತ್ತದೆ?’ ಎಂದು ಕೇಳಿ. ಹಿಂದಿನ ಸಾಲು, ಫೋಟೊ ಬೇಡ, ವಿಡಿಯೊ ಕಾಲ್ ಬೇಡ, ಎರಡನೇ ಪ್ರದರ್ಶನಕ್ಕೆ ಬಾ, ಹೀಗೆ ಏನಾದರೂ ಷರತ್ತು ಬರಬಹುದು. ಒಪ್ಪಿಕೊಳ್ಳಿ. ಫೋಟೊ ತೆಗೆದರೂ ಅವಳನ್ನು ಕೇಳದೆ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕೊನೆಗೂ ಬೇಡವೆಂದೇ ಹೇಳಿದರೆ ಈ ಸಲಕ್ಕೆ ಬಿಟ್ಟುಕೊಡಿ. ಆದರೆ ಆಟ ಮುಗಿದಾಗ ಹೊರಗೆ ಬಿಸಿ ಜಾಕೆಟ್ ಹಿಡಿದು ಕಾಯುವುದು ನೀವೇ ಆಗಿರಲಿ. ಆ ನಾಡಿನ ಸಂಘಗಳಲ್ಲಿ ಬಟ್ಟೆ ಹೊಲಿಯುವುದು, ವಿರಾಮದಲ್ಲಿ ಕಾಫಿ, ಬನ್ನು ಮಾರುವುದು, ಕುರ್ಚಿ ಜೋಡಿಸುವುದು ಇವಕ್ಕೆಲ್ಲ ತಾಯ್ತಂದೆಯರು ಕೈಜೋಡಿಸುವುದು ರೂಢಿ. ಮಗಳು ಒಪ್ಪಿದರೆ ಅಂಥ ಒಂದು ಕೆಲಸ ಕೇಳಿ ಪಡೆಯಿರಿ. ಅಲ್ಲಿಯ ಇಬ್ಬರು ತಾಯಂದಿರ ಪರಿಚಯವಾದರೂ ನಿಮ್ಮ ಚಳಿಗಾಲ ಸ್ವಲ್ಪ ಚಿಕ್ಕದಾಗುತ್ತದೆ.

ನಾಲ್ಕನೆಯದು, ಮನೆಯವರ ಜೊತೆ. ಯಜಮಾನರ ಮಾತಿನ ಹಿಂದೆಯೂ ಕಾಳಜಿಯೇ ಇದೆ. ಹೆಂಡತಿ ಅಳುವುದನ್ನೂ ಮಗಳು ಬಾಗಿಲು ಹಾಕಿಕೊಳ್ಳುವುದನ್ನೂ ನೋಡಿ, ‘ಇದೆಲ್ಲ ಬೇಡ’ ಎನ್ನುವುದು ಅವರಿಗೆ ತೋಚಿದ ಸುಲಭದ ದಾರಿ. ಆದರೆ ಈಗ ನಾಟಕ ಬಿಡಿಸಿದರೆ ಮಗಳಿಗೆ ಎರಡು ಪಾಠ ಸಿಗುತ್ತದೆ: ಒಂದು, ತಾನು ಆಡಿದ್ದು ನಾಚಿಕೆಯ ಪಾತ್ರ, ಎರಡು, ಕಷ್ಟ ಬಂದರೆ ಮನೆಯಲ್ಲಿ ಹೇಳಬಾರದು, ಹೇಳಿದರೆ ಇಷ್ಟವಾದದ್ದೂ ಹೋಗುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಗಣಿತಕ್ಕೆ ಸಮಯ ಬೇಕಾದರೆ ಅದನ್ನು ಬೇರೆಯಾಗಿ ಮಾತಾಡಿ. ಮಗಳೇ ತಂಡ ಬಿಡುತ್ತೇನೆ ಎಂದರೆ ಆಗ ಬೇರೆ ವಿಷಯ. ಆಗಲೂ ‘ಈ ಪ್ರದರ್ಶನ ಮುಗಿಸಿ ನಿರ್ಧರಿಸೋಣವೇ?’ ಎಂದು ಕೇಳಿ ನೋಡಿ. ಅವಳಿಗೆ ಅವಮಾನವಾಗುತ್ತಿದ್ದರೆ ಮಾತ್ರ ಕಾಯಿಸಬೇಡಿ.

ಹೊರಗಿನ ಸಹಾಯ ಯಾವಾಗ?

ವೇದಿಕೆಯ ಹೊರಗೂ ಯಾರಾದರೂ ಅವಳನ್ನು ‘ಟ್ರೋಲ್’ ಎಂದು ಕರೆದು ಹಂಗಿಸುತ್ತಿದ್ದರೆ, ಬಣ್ಣದ ಮೇಲೆ ಮಾತಾಡುತ್ತಿದ್ದರೆ, ಅದು ನಾಟಕದ ವಿಷಯವಲ್ಲ. ಅದನ್ನು ತಡೆಯಬೇಕಾದದ್ದು ದೊಡ್ಡವರ ಕೆಲಸ. ಏನಾಯಿತು, ಯಾವ ದಿನ, ಯಾರು ಹೇಳಿದರು ಎಂದು ಬರೆದಿಡಿ. ಶಾಲೆಯಲ್ಲಿ ನಡೆದಿದ್ದರೆ ತರಗತಿಯ ಟೀಚರಿಗೂ ಮುಖ್ಯೋಪಾಧ್ಯಾಯರಿಗೂ ತಿಳಿಸಿ. ಮಕ್ಕಳ ಮೇಲಿನ ಇಂಥ ಹಿಂಸೆಯನ್ನು ವಿಚಾರಿಸಿ ನಿಲ್ಲಿಸುವುದು ಅಲ್ಲಿಯ ಕಾನೂನಿನ ಪ್ರಕಾರ ಶಾಲೆಯ ಹೊಣೆ. ಸ್ವೀಡನ್ನಿನಲ್ಲಿ ತಾರತಮ್ಯ ವಿರೋಧಿ ಕಾನೂನು 2009ರಿಂದ ಜಾರಿಯಲ್ಲಿದೆ. ಅದನ್ನು ನೋಡಿಕೊಳ್ಳುವ, ಜನ ‘ಡಿ.ಓ.’ ಎಂದು ಕರೆಯುವ ಸರ್ಕಾರಿ ಕಚೇರಿಗೆ ಬರೆದು ಸಲಹೆ ಕೇಳಬಹುದು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಪ್ಪಂದವೂ 2020ರ ಜನವರಿಯಿಂದ ಅಲ್ಲಿ ಕಾನೂನೇ ಆಗಿದೆ. ಇದನ್ನೆಲ್ಲ ಹೇಳುವುದು ನೀವು ನಾಳೆಯೇ ದೂರು ಕೊಡಲೆಂದಲ್ಲ. ನಿಮ್ಮ ಬೆನ್ನಿಗೆ ಏನಿದೆ ಎಂಬುದು ಗೊತ್ತಿದ್ದರೆ ಮಾತಾಡುವಾಗ ದನಿ ನಡುಗುವುದಿಲ್ಲ, ಏರುವುದೂ ಇಲ್ಲ.

ಬಾಗಿಲು ಹಾಕಿಕೊಳ್ಳುವುದು ಆ ವಯಸ್ಸಿನಲ್ಲಿ ಸಾಮಾನ್ಯ. ಆದರೆ ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಶಾಲೆಗೆ ಹೋಗಲು ಒಲ್ಲೆ ಎಂದರೆ, ಇಷ್ಟವಿದ್ದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಶಾಲೆಯ ನರ್ಸ್ ಅಥವಾ ‘ಕುರಾತೊರ್’ ಎಂದು ಕರೆಯುವ ಆಪ್ತಸಮಾಲೋಚಕರನ್ನು ಕಾಣಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ, ಬದುಕುವುದೇ ಬೇಡ ಎಂಬಂಥ ಮಾತಾಡಿದರೆ ಎರಡು ವಾರ ಕಾಯಬೇಡಿ, ಅದೇ ದಿನ ವೈದ್ಯರನ್ನು ಕಾಣಿ. 1177ಕ್ಕೆ ಕರೆ ಮಾಡಿದರೆ ಎಲ್ಲಿಗೆ ಹೋಗಬೇಕು ಎಂದು ಹೇಳುತ್ತಾರೆ. ಜೀವಕ್ಕೆ ಅಪಾಯ ಎನ್ನಿಸಿದರೆ 112. ಮಕ್ಕಳು ತಾವಾಗಿಯೇ ಹೆಸರು ಹೇಳದೆ ಮಾತಾಡಬಹುದಾದ ‘ಬ್ರಿಸ್’ ಸಂಸ್ಥೆಯ ಸಂಖ್ಯೆ 116 111. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿಡಿ. ಅವಳು ಕರೆ ಮಾಡಿದಳೋ ಇಲ್ಲವೋ ಎಂದು ಕೇಳಬೇಡಿ.

ವಿದೇಶದಲ್ಲಿರುವ ನಮ್ಮವರಲ್ಲಿ ಒಂದು ಹೆದರಿಕೆ ಇದೆ: ಮಗುವಿಗೆ ಬೇಸರ ಎಂದು ಶಾಲೆಗೆ ಹೇಳಿದರೆ ಸರ್ಕಾರದವರು ಮಗುವನ್ನೇ ಕರೆದುಕೊಂಡು ಹೋಗುತ್ತಾರೆ ಎಂದು. ಮಗು ಮನೆಯಲ್ಲಿ ಹಿಂಸೆಗೆ ಒಳಗಾಗಿದೆ ಎಂದು ಅನುಮಾನ ಬಂದರೆ ಶಾಲೆಯವರು ಸಮಾಜಸೇವಾ ಇಲಾಖೆಗೆ ತಿಳಿಸಬೇಕು ಎಂಬುದು ನಿಜ. ಮಕ್ಕಳಿಗೆ ಹೊಡೆಯುವುದನ್ನು ಸ್ವೀಡನ್ 1979ರಲ್ಲೇ ನಿಷೇಧಿಸಿದೆ, ಜಗತ್ತಿನಲ್ಲೇ ಮೊದಲು. ಆದರೆ ‘ಮಗಳು ಮಂಕಾಗಿದ್ದಾಳೆ, ನನಗೆ ದಾರಿ ತೋಚುತ್ತಿಲ್ಲ’ ಎಂದು ಬರುವ ತಾಯಿಯನ್ನು ಅವರು ಜೊತೆಗಾರಳಂತೆ ಕಾಣುತ್ತಾರೆ. ಕೇಳಲು ಹೆದರಬೇಡಿ.

ನಿಮಗಾಗಿಯೂ ಸ್ವಲ್ಪ

ನಿಮ್ಮ ಪತ್ರದಲ್ಲಿ ‘ಹೈಸ್ಕೂಲ್ ಟೀಚರ್ ಆಗಿದ್ದ ನಾನು’ ಎಂಬ ಮಾತು ನನ್ನನ್ನು ನಿಲ್ಲಿಸಿತು. ಊರಿನಲ್ಲಿ ದಿನಕ್ಕೆ ಎಷ್ಟೋ ಮಕ್ಕಳ ಎದುರು ನಿಲ್ಲುತ್ತಿದ್ದವರು ಈಗ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲಾಗುವ ಊರಿನಲ್ಲಿ ಒಬ್ಬರೇ ಕೂತಿದ್ದೀರಿ. ಹೀಗಿರುವಾಗ ಮಗಳ ವೇದಿಕೆಯೇ ನಿಮ್ಮ ವೇದಿಕೆಯೂ ಆಗಿಬಿಡುತ್ತದೆ. ಅವಳಿಗೆ ಸಿಕ್ಕ ಪಾತ್ರ ನಿಮಗೇ ಸಿಕ್ಕಂತೆ ಅನ್ನಿಸುತ್ತದೆ. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ: ನಿಮ್ಮ ಹಳೆಯ ಬಾಕಿಯನ್ನು ಅವಳು ತೀರಿಸಬೇಕಾಗಿಲ್ಲ. ಅವಳು ರಾಜಕುಮಾರಿ ಆಗಿದ್ದರೂ ಅದು ತೀರುತ್ತಿರಲಿಲ್ಲ.

ಅದಕ್ಕೆ ನಿಮ್ಮದೇ ಜಾಗ ಬೇಕು. ವಲಸಿಗರಿಗಾಗಿ ಪುರಸಭೆ ನಡೆಸುವ ‘ಎಸ್‌ಎಫ್‌ಐ’ ಸ್ವೀಡಿಷ್ ತರಗತಿಗಳು ಉಚಿತ. ಇನ್ನೂ ಸೇರಿಲ್ಲದಿದ್ದರೆ ಸೇರಿ. ಗೋಥೆನ್‌ಬರ್ಗ್ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. ಅಲ್ಲಿರುವ ಕನ್ನಡದವರನ್ನು ತಿಂಗಳಿಗೊಮ್ಮೆ ಭೇಟಿಯಾಗುವ ನೆಪ ಹುಡುಕಿ. ಕೆಲವರ ಮಕ್ಕಳಿಗೆ ಕನ್ನಡ ಹೇಳಿಕೊಡುವ ಕೆಲಸವಾದರೂ ಆದೀತು, ನೀವು ಟೀಚರ್ ತಾನೇ. ಬಣ್ಣದ ಹಳೆಯ ಮಾತುಗಳು ರಾತ್ರಿಯೆಲ್ಲ ಕಾಡುತ್ತಿದ್ದರೆ, ಅಳು ನಿಲ್ಲದಿದ್ದರೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆಪ್ತಸಮಾಲೋಚಕರನ್ನು ಕೇಳಿ. ದುಭಾಷಿ ಬೇಕೆಂದು ಮೊದಲೇ ತಿಳಿಸಬಹುದು. ಆ ಕೆಲಸಕ್ಕೆ ಮಗಳನ್ನು ಕರೆದೊಯ್ಯಬೇಡಿ.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ವಿನಂತಿ. ಈ ಸಂಕಟಕ್ಕೆ ಸ್ವೀಡನ್ನೇ ಆಗಬೇಕೆಂದಿಲ್ಲ. ನಮ್ಮ ಶಾಲೆಗಳಲ್ಲೂ ವಾರ್ಷಿಕೋತ್ಸವದ ಸಮಯದಲ್ಲಿ ಸೀತೆ, ಭಾರತಮಾತೆ, ಸ್ವಾಗತದ ಹುಡುಗಿ ಎಂದರೆ ಬೆಳ್ಳಗಿನವರನ್ನೇ ಆರಿಸುವ ರೂಢಿ ಪೂರ್ತಿ ಹೋಗಿಲ್ಲ. ಪಾತ್ರ ಹಂಚುವ ಟೀಚರುಗಳು ಈ ವರ್ಷ ಒಮ್ಮೆ ಪಟ್ಟಿಯನ್ನು ಪಕ್ಕಕ್ಕಿಟ್ಟು, ಪ್ರತಿ ಮಗುವಿಗೂ ‘ನಿನಗೆ ಏನಾಗಲು ಆಸೆ?’ ಎಂದು ಕೇಳಿ ನೋಡಿ. ರಕ್ಕಸನಾಗಲು ಮುಂದೆ ಬರುವವರೂ ಇರುತ್ತಾರೆ. ಬರಲಿ, ಅವರಾಗಿಯೇ ಬರಲಿ.

ಕೊನೆಯದಾಗಿ, ಮಗಳು ನಿಮ್ಮನ್ನು ಕರೆದರೆ, ಆಟ ಮುಗಿದ ಮೇಲೆ ಮೊದಲು ಏನು ಹೇಳಬೇಕೆಂದು ಈಗಲೇ ಯೋಚಿಸಿಟ್ಟುಕೊಳ್ಳಿ. ‘ಎಲ್ಲರಿಗಿಂತ ನೀನೇ ಚೆಂದ’ ಎನ್ನಬೇಡಿ, ಅದು ಸಮಾಧಾನದ ಮಾತು ಎಂದು ಅವಳಿಗೆ ಕೂಡಲೇ ಗೊತ್ತಾಗುತ್ತದೆ. ‘ರಾಜಕುಮಾರಿಗಿಂತ’ ಎಂದೂ ಹೇಳಬೇಡಿ. ಅವಳು ಮಾಡಿದ್ದರಲ್ಲಿ ಒಂದನ್ನು, ನೀವು ನಿಜವಾಗಿ ಗಮನಿಸಿದ್ದನ್ನು ಹೇಳಿ: ‘ಆ ಬಾಗಿಲ ಹತ್ತಿರ ನೀನು ತಿರುಗಿ ನೋಡಿದಾಗ ನನಗೆ ಭಯವಾಯಿತು’ ಎಂಬಂಥದ್ದು. ಹಾಗೆ ಹೇಳಬೇಕಾದರೆ ಅವಳನ್ನು ಬಿಟ್ಟು ಬೇರೇನನ್ನೂ ಯೋಚಿಸದೆ ಆಟವನ್ನು ನೋಡಬೇಕಾಗುತ್ತದೆ. ಅವಳು ನಿಮ್ಮಿಂದ ಬಯಸುವುದು ಬಹುಶಃ ಅಷ್ಟೇ.